ಟ್ರ್ಯಾಕ್ಟರಿನ ಹಿಂದೆ ಏನನ್ನು ಕಟ್ಟಬೇಕು?

ಮಲೆನಾಡಿನ ಅಂಚನ್ನು ಬಿಟ್ಟು ಪೂರ್ವದ ಬಯಲಿಗೆ ಮೆಲ್ಲಮೆಲ್ಲನೆ ಇಳಿಯುತ್ತ ಬರುವ ಹಾಸನ ಜಿಲ್ಲೆಯ ನೆಲವು ಕೆಲವೇ ಹರದಾರಿಗಳ ಅಂತರದಲ್ಲಿ ತನ್ನ ಬಣ್ಣವನ್ನೂ, ಬೆಳೆಯನ್ನೂ, ಮಳೆಯ ಪ್ರಮಾಣವನ್ನೂ ಬದಲಾಯಿಸಿಕೊಳ್ಳುತ್ತದೆ. ಹಾಸನದ ಸುತ್ತಣ ಕೆಂಪು ಹೊಲಗಳಲ್ಲಿ ಮುಂಗಾರಿನ ಮೊದಲ ಹದಕ್ಕೆ ಆಲೂಗೆಡ್ಡೆಯೂ ಮುಸುಕಿನ ಜೋಳವೂ ಬೀಳುತ್ತವೆ. ಅರಕಲಗೂಡಿನ ಕಡೆಗೆ ಹೊರಳಿದರೆ ಶುಂಠಿಯ ಮಡಿಗಳೂ ಹೊಗೆಸೊಪ್ಪಿನ ಹೊಲಗಳೂ ಕಾಣಸಿಗುತ್ತವೆ. ಆ ತಾಲ್ಲೂಕಿನ ರಾಮನಾಥಪುರದಲ್ಲಿಯೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಗೊರೂರಿನ ಜಲಾಶಯವನ್ನು ದಾಟಿ ಬರುವ ಹೇಮಾವತಿಯ ದಂಡೆಯ ಮೇಲೆ ನಿಂತ ಹೊಳೆನರಸೀಪುರದಲ್ಲಿ ನಾಲೆಯ ನೀರುಂಡ ಬತ್ತದ ಗದ್ದೆಗಳು; ಇನ್ನೂ ಪೂರ್ವಕ್ಕೆ, ಶ್ರವಣಬೆಳಗೊಳದ ಬೆಟ್ಟಗಳು ಕಣ್ಣಿಗೆ ಬೀಳುವ ಚನ್ನರಾಯಪಟ್ಟಣದ ಸೀಮೆಯಲ್ಲಿ ರಾಗಿಯ ಹೊಲಗಳು, ತೆಂಗಿನ ತೋಟಗಳು. ಇಷ್ಟು ಭಿನ್ನವಾದ ಈ ನೆಲಗಳಿಗೆಲ್ಲ ಇಂದು ಒಂದೇ ಬಗೆಯ ಯಂತ್ರಗಳು, ಒಂದೇ ಬಣ್ಣ ಬಳಿದುಕೊಂಡು, ಒಂದೇ ಬಗೆಯ ಅಂಗಡಿಗಳಿಂದ ಬಂದು ಇಳಿಯುತ್ತಿವೆ. ರೊಟವೇಟರು, ಗೆಡ್ಡೆ ಅಗೆಯುವ ಯಂತ್ರ, ನಾಟಿ ಯಂತ್ರ, ಕಳೆ ಕೊಚ್ಚುವ ಯಂತ್ರ, ಜೋಳ ಬಿಡಿಸುವ ಯಂತ್ರ: ಇವುಗಳಲ್ಲಿ ಯಾವುದು ಯಾರ ಹೊಲಕ್ಕೆ ಒಗ್ಗುತ್ತದೆ ಎಂಬುದನ್ನು ಅಂಗಡಿಯಾತನು ಹೇಳಲಾರ. ಅದನ್ನು ಹೊಲದ ಒಡೆಯನೇ ತನ್ನ ಮಣ್ಣಿನಲ್ಲಿ ಪರೀಕ್ಷಿಸಿ ತಿಳಿಯಬೇಕು. ಮತ್ತು ಆ ಪರೀಕ್ಷೆಯು ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದಲ್ಲ, ಒಂದು ಹಂಗಾಮು ಪೂರ್ತಿ ನಡೆಯಬೇಕಾದದ್ದು ಎಂಬುದೇ ಈ ಲೇಖನದಲ್ಲಿ ನಾನು ನಿವೇದಿಸಬೇಕೆಂದಿರುವ ವಿಷಯ.

ಎತ್ತಿನ ಆರಂಬದ ಕಾಲದಲ್ಲಿ ಉಪಕರಣವು ರೈತನ ಕಣ್ಣೆದುರಿನಲ್ಲಿಯೇ ಹುಟ್ಟುತ್ತಿತ್ತು. ಹಳ್ಳೀಕಾರ್ ಎತ್ತುಗಳ ಈ ನಾಡಿನಲ್ಲಿ ನೇಗಿಲು, ಕುಂಟೆ, ಕೂರಿಗೆ, ಎಡೆಕುಂಟೆ, ಹಲುಬೆಗಳನ್ನು ಊರಿನ ಬಡಗಿಯೇ ಮಾಡಿ, ಊರಿನ ಕಮ್ಮಾರನೇ ಅವಕ್ಕೆ ಕಬ್ಬಿಣ ಬಡಿಯುತ್ತಿದ್ದುದರಿಂದ, ಬೆಳಿಗ್ಗೆ ಕುಳವು ಆಳಕ್ಕೆ ಇಳಿಯುತ್ತಿಲ್ಲವೆಂದು ಕಂಡರೆ ಸಂಜೆಯೊಳಗೆ ಅದರ ಓರೆಯನ್ನು ತಿದ್ದಿಸಿಕೊಂಡು ಮರುದಿನ ಮತ್ತೆ ಹೊಲಕ್ಕೆ ಹೋಗುವುದು ಸಾಧ್ಯವಾಗಿತ್ತು. ಕೂರಿಗೆಯ ತಾಳುಗಳ ನಡುವಣ ಅಂತರವು ಊರಿನಿಂದ ಊರಿಗೆ ಬೇರೆಯಾಗಿರುತ್ತಿದ್ದುದು ಆಕಸ್ಮಿಕವಾಗಿರಲಿಲ್ಲ. ಆಯಾ ಮಣ್ಣು, ಆಯಾ ಮಳೆ, ಆಯಾ ಎತ್ತಿನ ಶಕ್ತಿಗೆ ತಕ್ಕಂತೆ ತಲೆಮಾರುಗಳ ಪ್ರಯೋಗವು ಆ ಅಂತರವನ್ನು ನಿಶ್ಚಯಿಸಿತ್ತು. ಮುಂದೆ ಹಾಸನದಲ್ಲಿ ಮೈಸೂರು ಸರ್ಕಾರದ ಉಪಕರಣಗಳ ಕಾರ್ಖಾನೆಯು ಸ್ಥಾಪಿತವಾಗಿ ಗುದ್ದಲಿ ಪಿಕಾಸಿಗಳಂತಹ ಕೈ ಉಪಕರಣಗಳು ಸಿದ್ಧವಸ್ತುಗಳಾಗಿ ದೊರೆಯತೊಡಗಿದುವು. ಉಪಕರಣವನ್ನು ಮಾಡುವವನಿಗೂ ಬಳಸುವವನಿಗೂ ನಡುವಣ ದೂರ ಅಂದಿನಿಂದ ಬೆಳೆಯುತ್ತಲೇ ಬಂದಿದೆ. ಇಂದು ಆ ದೂರವು ಎಷ್ಟು ಹಿರಿದಾಗಿದೆಯೆಂದರೆ, ನಮ್ಮ ಹೊಲದಲ್ಲಿ ತಿರುಗುವ ಅಲಗನ್ನು ಮಾಡಿದವನು ನಮ್ಮ ಮಣ್ಣನ್ನು ಕೈಯಲ್ಲಿ ಹಿಡಿದೇ ಇಲ್ಲ. ಪರೀಕ್ಷೆಯ ಹೊಣೆ ರೈತನ ಮೇಲೆ ಬಿದ್ದಿರುವುದು ಈ ಕಾರಣದಿಂದ.

ಟ್ರ್ಯಾಕ್ಟರೆಂಬುದು ಶಕ್ತಿಯ ಮೂಲ ಮಾತ್ರ. ಬೇಸಾಯವನ್ನು ಮಾಡುವುದು ಅದರ ಹಿಂದೆ ಕಟ್ಟಿದ ಉಪಕರಣ. ಈ ಎರಡನ್ನೂ ಕೂಡಿಸುವ ಏರ್ಪಾಡುಗಳು ಎರಡು. ಮೊದಲನೆಯದು ಎಂಜಿನ್ನಿನ ತಿರುಗುವ ಶಕ್ತಿಯನ್ನು ಹಿಂಬದಿಗೆ ತಂದುಕೊಡುವ ದಂಡ, ನಮ್ಮ ಚಾಲಕರು ಪಿ.ಟಿ.ಓ. ಎಂದು ಕರೆಯುವಂಥದು, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯು 1918ರಲ್ಲಿ ಅದನ್ನು ತನ್ನ ಟ್ರ್ಯಾಕ್ಟರಿಗೆ ಜೋಡಿಸಿ ಮಾರುಕಟ್ಟೆಗೆ ತಂದಿತು. ಎರಡನೆಯದು ಉಪಕರಣವನ್ನು ಮೂರು ಕಡೆ ಹಿಡಿದು, ಎತ್ತಿ ಇಳಿಸುವ ಜೋಡಣೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬಾತನು ಬಹುಕಾಲ ಶ್ರಮಿಸಿ ರೂಪಿಸಿದ ಈ ಕ್ರಮವು 1939ರ ಫೋರ್ಡ್ ಟ್ರ್ಯಾಕ್ಟರಿನೊಡನೆ ಲೋಕಪ್ರಸಿದ್ಧವಾಯಿತು. ಅದಕ್ಕೆ ಮುಂಚೆ ನೇಗಿಲನ್ನು ಬಂಡಿಯಂತೆ ಹಿಂದೆ ಎಳೆದೊಯ್ಯಬೇಕಾಗಿತ್ತು. ಕಲ್ಲೋ ಬೇರೋ ಅಡ್ಡ ಸಿಕ್ಕಿದರೆ ಟ್ರ್ಯಾಕ್ಟರು ಮುಂದಿನ ಗಾಲಿಗಳನ್ನೆತ್ತಿ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣವನ್ನೇ ತೆಗೆಯುವ ಅಪಾಯವಿತ್ತು. ಫರ್ಗ್ಯುಸನ್ನನ ಜೋಡಣೆಯಲ್ಲಿ ಉಪಕರಣದ ಎಳೆತವೇ ಮುಂದಿನ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಚನ್ನರಾಯಪಟ್ಟಣದ ಯಾವುದೇ ಬಾಡಿಗೆ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೂ ಈ ಎರಡು ಏರ್ಪಾಡುಗಳೂ ಕಾಣುತ್ತವೆ: ನಡುವೆ ತಿರುಗುವ ದಂಡ, ಅದರ ಸುತ್ತ ಮೂರು ಕೈಗಳು.

ಆಲೂಗೆಡ್ಡೆಯ ವಿಷಯದಿಂದ ಆರಂಭಿಸುವುದು ಉಚಿತ. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರಿನ ಕಡೆಯಿಂದ ಬಿತ್ತನೆಗೆಡ್ಡೆ ಹೊತ್ತ ಲಾರಿಗಳು ಹಾಸನದ ಮಾರುಕಟ್ಟೆಗೆ ಬರುತ್ತವೆ. ಕುಫ್ರಿ ಜ್ಯೋತಿಯೆಂಬ ತಳಿಯ ಹೆಸರು ಇಲ್ಲಿಯ ಮಕ್ಕಳಿಗೂ ಗೊತ್ತು. ಗೆಡ್ಡೆಯನ್ನು ಕುಯ್ದು, ನೇಗಿಲ ಸಾಲಿನಲ್ಲಿ ಇಟ್ಟು, ಬಳಿಕ ಮಣ್ಣು ಏರಿಸಿ, ಅಂಗಮಾರಿಗೆ ಔಷಧಿ ಹೊಡೆದು, ಕಡೆಗೆ ಗುದ್ದಲಿಯಿಂದಲೋ ನೇಗಿಲಿನಿಂದಲೋ ಅಗೆದು ತೆಗೆಯುವ ಈ ಬೆಳೆಯಲ್ಲಿ ಅಗೆತದ ಕೂಲಿಯೇ ರೈತನ ಬೆನ್ನು ಮುರಿಯುವಂಥದು. ಆದುದರಿಂದ ಗೆಡ್ಡೆ ಅಗೆಯುವ ಯಂತ್ರದ ಮೇಲೆ ಎಲ್ಲರ ಕಣ್ಣೂ ಬೀಳುವುದು ಸಹಜ.

ಆ ಯಂತ್ರದ ಕೆಲಸವನ್ನು ಹತ್ತಿರದಿಂದ ನೋಡೋಣ. ಮುಂದೆ ಅಗಲವಾದ ಕುಳವೊಂದು ಬೋದಿನ ಅಡಿಗೆ ಗೇಣುದ್ದ ಇಳಿದು ಮಣ್ಣನ್ನೂ ಗೆಡ್ಡೆಯನ್ನೂ ಒಟ್ಟಿಗೆ ಎತ್ತಿಕೊಡುತ್ತದೆ. ಅದರ ಹಿಂದೆ ಕಬ್ಬಿಣದ ಸರಳುಗಳನ್ನು ಒತ್ತೊತ್ತಾಗಿ ಪೋಣಿಸಿದ ಸರಪಣಿಯೊಂದು ಮೇಲ್ಮುಖವಾಗಿ ಓಡುತ್ತ ನಡುಗುತ್ತದೆ. ಸರಳುಗಳ ಸಂದಿನಿಂದ ಮಣ್ಣು ಸೋರಿ ಕೆಳಗೆ ಬೀಳುತ್ತದೆ. ಗೆಡ್ಡೆ ಸಂದಿಗಿಂತ ದೊಡ್ಡದಾದ್ದರಿಂದ ಮೇಲೆಯೇ ಉಳಿದು, ಹಿಂದಕ್ಕೆ ಸಾಗಿ, ಸಾಲಿನ ಮೇಲೆ ಬಿಳಿಯಾಗಿ ಹರಡಿಕೊಳ್ಳುತ್ತದೆ. ಬುಟ್ಟಿ ಹಿಡಿದ ಹೆಣ್ಣಾಳುಗಳು ಹಿಂದಿನಿಂದ ಆಯ್ದುಕೊಂಡು ಬರುತ್ತಾರೆ. ಮಣ್ಣು ಹಸಿಯಾಗಿದ್ದರೆ ಸರಳಿನ ಸಂದು ಮೆತ್ತಿಕೊಂಡು ಹೊಲವೆಲ್ಲ ಯಂತ್ರದ ಬೆನ್ನೇರುತ್ತದೆ; ಅತಿಯಾಗಿ ಒಣಗಿದ್ದರೆ ಹೆಂಟೆಗಳು ಗೆಡ್ಡೆಯೊಡನೆ ಕುಣಿದು ಅದರ ಸಿಪ್ಪೆಯನ್ನು ತರಚುತ್ತವೆ. ತರಚಿದ ಗೆಡ್ಡೆ ಮೂಟೆಯೊಳಗೆ ಕೊಳೆಯುತ್ತದೆಂಬುದನ್ನು ವ್ಯಾಪಾರಿ ಬಲ್ಲ; ಅವನು ಬೆಲೆ ಇಳಿಸುವುದು ಅದನ್ನು ನೋಡಿಯೇ. ಅಗೆಯುವ ಎಂಟು ಹತ್ತು ದಿನ ಮುಂಚಿತವಾಗಿ ಗಿಡದ ಹಂಬನ್ನು ಕುಯ್ದುಹಾಕಿ ಸಿಪ್ಪೆ ಗಟ್ಟಿಯಾಗಲು ಬಿಟ್ಟವನಿಗೆ ಯಂತ್ರ ಒಲಿಯುತ್ತದೆ. ಬಿಡದವನು ಯಂತ್ರವನ್ನು ದೂರುತ್ತಾನೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎರಡು ಸಾಲನ್ನು ಒಮ್ಮೆಗೇ ಅಗೆಯುವ ಯಂತ್ರವು ಸಾಲಿನಿಂದ ಸಾಲಿಗೆ ಎರಡಡಿಯ ಆಸುಪಾಸಿನ ಅಂತರವಿದೆಯೆಂದು ನಂಬಿ ಮಾಡಿದ್ದು. ಟ್ರ್ಯಾಕ್ಟರಿನ ಗಾಲಿಗಳೂ ಆ ಸಾಲುಗಳ ನಡುವಣ ಕಣಿವೆಯಲ್ಲಿಯೇ ಹೋಗಬೇಕು. ಎತ್ತಿನ ನೇಗಿಲ ಹಿಂದೆ ಒಂದೂವರೆ ಅಡಿಗೆ ಒಂದರಂತೆ, ಅದೂ ಸ್ವಲ್ಪ ಓರೆಕೋರೆಯಾಗಿ, ಬಿತ್ತಿದ ಹೊಲಕ್ಕೆ ಈ ಯಂತ್ರವನ್ನು ಇಳಿಸಿದರೆ ಗಾಲಿಯು ಗೆಡ್ಡೆಯ ಮೇಲೆಯೇ ಹತ್ತುತ್ತದೆ, ಕುಳವು ಬೋದಿನ ಪಕ್ಕವನ್ನು ಸೀಳಿ ಅರ್ಧ ಗೆಡ್ಡೆಯನ್ನು ಎರಡು ಹೋಳು ಮಾಡುತ್ತದೆ. ಅಂದಮೇಲೆ ಕುಯ್ಲಿನ ಯಂತ್ರದ ಪರೀಕ್ಷೆಯು ಬಿತ್ತನೆಯ ದಿನವೇ ಆರಂಭವಾಗುತ್ತದೆ. ಬಿತ್ತುವ, ಮಣ್ಣೇರಿಸುವ, ಅಗೆಯುವ ಮೂರು ಉಪಕರಣಗಳೂ ಒಂದೇ ಅಳತೆಗೆ ಒಳಪಟ್ಟಿರಬೇಕು. ಅವುಗಳಲ್ಲಿ ಒಂದನ್ನು ಮಾತ್ರ ತಂದು, ಉಳಿದೆರಡನ್ನು ಹಳೆಯ ಅಳತೆಯಲ್ಲಿಯೇ ಇರಿಸಿಕೊಂಡವನು ಹೊಸದರ ಗುಣವನ್ನಾಗಲಿ ದೋಷವನ್ನಾಗಲಿ ಕಾಣಲಾರ.

ರೊಟವೇಟರಿನ ಕಥೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದರ ಹುಟ್ಟೇ ಒಂದು ಹೊಲದ ಪ್ರಯೋಗ. ಆಸ್ಟ್ರೇಲಿಯಾದ ಗಿಲ್ಗಾಂಡ್ರದಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ಯುವಕನು 1912ರಲ್ಲಿ ತನ್ನ ತಂದೆಯ ಜಮೀನಿನಲ್ಲಿ, ನೇಗಿಲು ಮಣ್ಣನ್ನು ಒತ್ತಿ ಗಟ್ಟಿಮಾಡುತ್ತದೆಂಬುದನ್ನು ಮನಗಂಡು, ಎಳೆಯುವ ಬದಲು ತಿರುಗುವ ಅಲಗುಗಳಿಂದ ಉಳಲು ಯತ್ನಿಸಿದನು. ಆತನ ಮೊದಲ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎರಚಿದುವು. ಅದನ್ನು ಕಂಡು ಅಲಗಿನ ತುದಿಯನ್ನು ಅಡ್ಡಲಾಗಿ ಬಗ್ಗಿಸಿದನು. ಇಂದು ನಮ್ಮ ಹೊಲಗಳಲ್ಲಿ ತಿರುಗುತ್ತಿರುವುದು ಆ ಬಗ್ಗಿದ ಅಲಗೇ. 1920ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ನಿರ್ಮಿಸಿದವನೇ ತನ್ನ ಮಣ್ಣನ್ನು ನೋಡಿ ತಿದ್ದಿಕೊಳ್ಳಬೇಕಾಗಿ ಬಂದ ಉಪಕರಣವನ್ನು ನಾವು ನಮ್ಮ ಮಣ್ಣನ್ನು ನೋಡದೆಯೇ ಒಪ್ಪಿಕೊಳ್ಳುವುದು ನ್ಯಾಯವಲ್ಲ.

ರೊಟವೇಟರು ಓಡಿದ ಹೊಲವು ಕಣ್ಣಿಗೆ ಹಬ್ಬ. ಒಂದೇ ಸಲಕ್ಕೆ ಉಳುಮೆ, ಹೆಂಟೆ ಒಡೆಯುವುದು, ಮಟ್ಟ ಮಾಡುವುದು ಎಲ್ಲವೂ ಮುಗಿದು ಮಣ್ಣು ಜರಡಿ ಹಿಡಿದಂತೆ ನುಣ್ಣಗಾಗಿರುತ್ತದೆ. ಆದರೆ ಹಾಸನ, ಚನ್ನರಾಯಪಟ್ಟಣಗಳ ಕೆಂಪು ಮಣ್ಣು ಅತಿಯಾಗಿ ನುಣುಪಾದರೆ, ಅದರ ಮೇಲೆ ಬೀಳುವ ಮೊದಲ ಬಿರುಮಳೆಗೆ ಮೇಲ್ಮೈಯ ರಂಧ್ರಗಳೆಲ್ಲ ಮುಚ್ಚಿಕೊಂಡು, ಬಿಸಿಲಿಗೆ ಹೊಪ್ಪಳಿಕೆಗಟ್ಟಿ, ರಾಗಿಯಂತಹ ಸಣ್ಣ ಕಾಳಿನ ಮೊಳಕೆಗೆ ತಲೆಯೆತ್ತಲು ಎಡೆಗೊಡುವುದಿಲ್ಲ. ಇಂಗಬೇಕಾದ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಬದುವಿನತ್ತ ಹರಿಯುತ್ತದೆ. ಕೆಳಗೆ ನಡೆಯುವುದು ಇನ್ನೊಂದು. ನಾಲ್ಕರಿಂದ ಆರು ಅಂಗುಲದ ಆಳದಲ್ಲಿಯೇ ವರ್ಷವರ್ಷವೂ ಅಲಗು ಸವರುತ್ತ ಹೋದರೆ ಅದರ ಅಡಿಯ ಪದರ ಗಟ್ಟಿಯಾಗಿ, ಬೇರಿಗೂ ನೀರಿಗೂ ಅಡ್ಡವಾಗುತ್ತದೆ. ಮಳೆಯ ನಂತರ ಕಬ್ಬಿಣದ ಸರಳೊಂದನ್ನು ಕೈಯಿಂದ ನೆಲಕ್ಕೆ ಒತ್ತಿ ನೋಡಿ. ಸಲೀಸಾಗಿ ಇಳಿಯುತ್ತಿದ್ದದ್ದು ಒಂದು ಆಳದಲ್ಲಿ ಹಠಾತ್ತಾಗಿ ನಿಂತರೆ ಅಲ್ಲಿ ಆ ಪದರ ಇದೆಯೆಂದು ತಿಳಿಯಬೇಕು. ಅಂಥ ಹೊಲಕ್ಕೆ ಬೇಸಗೆಯಲ್ಲಿ, ಮಣ್ಣು ಒಣಗಿದ್ದಾಗ, ಒಂದಡಿಗೂ ಮಿಕ್ಕಿ ಇಳಿಯುವ ಉಳಿನೇಗಿಲನ್ನು ಒಮ್ಮೆ ಎಳೆಯಿಸಿದರೆ ಪದರ ಸೀಳುತ್ತದೆ. ಉಳಿನೇಗಿಲು ಹೊಲವನ್ನು ನೋಡಲು ಚೆಂದ ಮಾಡುವುದಿಲ್ಲವಾದ್ದರಿಂದ ಅದನ್ನು ಕೇಳಿ ತರಿಸುವವರು ಕಡಮೆ. ನನ್ನ ಅಭಿಪ್ರಾಯದಲ್ಲಿ, ರೊಟವೇಟರನ್ನು ಕೊಳ್ಳುವ ಮೊದಲು ಉಳಿನೇಗಿಲನ್ನು ಬಾಡಿಗೆಗೆ ತಂದು ನೋಡುವವನೇ ವಿವೇಕಿ.

ಕಳೆಯ ವಿಷಯವೊಂದಿದೆ. ಗರಿಕೆ, ಜೇಕುಗಳಿರುವ ಹೊಲದಲ್ಲಿ ತಿರುಗುವ ಅಲಗು ಗರಿಕೆಯ ಬಳ್ಳಿಯನ್ನೂ ಜೇಕಿನ ಗೆಡ್ಡೆಯ ಸರವನ್ನೂ ತುಂಡರಿಸಿ ಹರಡುತ್ತದೆ. ಒಂದೊಂದು ತುಂಡೂ ಒಂದೊಂದು ಗಿಡವಾಗುತ್ತದೆ. ಉತ್ತ ದಿನ ಹೊಲ ಶುಚಿಯಾಗಿ ಕಾಣುತ್ತದೆ, ಇಪ್ಪತ್ತು ದಿನದ ಮೇಲೆ ಹೋಗಿ ನೋಡಿದರೆ ಹಿಂದಿಗಿಂತ ದಟ್ಟವಾದ ಹಸಿರು ಎದ್ದಿರುತ್ತದೆ. ಈ ಕಾರಣದಿಂದಲೇ ಪರೀಕ್ಷೆಯನ್ನು ಪಕ್ಕಪಕ್ಕದ ಪಟ್ಟಿಗಳಲ್ಲಿ ಮಾಡಬೇಕೆಂದು ಅನುಭವಸ್ಥರು ಹೇಳುತ್ತಾರೆ: ಒಂದೇ ಹೊಲದಲ್ಲಿ ಒಂದು ಪಟ್ಟಿಗೆ ಒಂಬತ್ತು ಹಲ್ಲಿನ ಕಲ್ಟಿವೇಟರು, ಮಗ್ಗುಲ ಪಟ್ಟಿಗೆ ರೊಟವೇಟರು, ಎರಡಕ್ಕೂ ಒಂದೇ ಬೀಜ, ಒಂದೇ ಗೊಬ್ಬರ, ಮೂಲೆಗೊಂದು ಗೂಟ. ಡೀಸೆಲ್ ಎಷ್ಟು ಹೋಯಿತೆಂದು ತಿಳಿಯಲು ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ಹೊರಟು, ಪಟ್ಟಿ ಮುಗಿದ ಮೇಲೆ ಅಳತೆಯ ಪಾತ್ರೆಯಿಂದ ಮತ್ತೆ ಬಾಯಿಮಟ್ಟ ತುಂಬಿಸಿದರೆ ಸಾಕು. ಮೊಳಕೆ, ಕಳೆ, ಫಸಲಿನ ತೂಕ, ಈ ಮೂರನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡವನ ಮಾತಿಗೆ ಮಾರಾಟದ ಪ್ರತಿನಿಧಿಯೂ ತಲೆಬಾಗಬೇಕಾಗುತ್ತದೆ. ಹದ ನೋಡುವ ಹಳೆಯ ಕ್ರಮವು ಈ ಹೊಸ ಯಂತ್ರಗಳಿಗೂ ಅನ್ವಯಿಸುತ್ತದೆ. ನಾಲ್ಕಂಗುಲ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಕೈಬಿಟ್ಟರೆ ಉಂಡೆ ನೆಲಕ್ಕೆ ಬಿದ್ದು ಒಡೆಯಬೇಕು. ಒಡೆಯದೆ ಅಂಟಿಕೊಂಡರೆ ಟ್ರ್ಯಾಕ್ಟರು ಹೊಲಕ್ಕೆ ಇಳಿಯುವುದು ಬೇಡ.

ಹೊಳೆನರಸೀಪುರದ ಗದ್ದೆಗಳಲ್ಲಿ ನಾಟಿ ಯಂತ್ರದ ಪರೀಕ್ಷೆಯು ಒಟ್ಟಲಿನಲ್ಲಿಯೇ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಕೈನಾಟಿಗೆ ಒಟ್ಟಲು ಪಾತಿಯಿಂದ ಪೈರು ಕಿತ್ತು ಕಂತೆ ಕಟ್ಟುವ ರೂಢಿ ಇದಕ್ಕೆ ಒಗ್ಗುವುದಿಲ್ಲ. ಹಾಳೆಯ ಮೇಲೆ ಒಂದಂಗುಲಕ್ಕೂ ಕಡಮೆ ದಪ್ಪದಲ್ಲಿ ಜರಡಿ ಹಿಡಿದ ಮಣ್ಣನ್ನು ಹರಡಿ, ಮೊಳಕೆ ಕಟ್ಟಿದ ಬತ್ತವನ್ನು ಸಮವಾಗಿ ಚೆಲ್ಲಿ, ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತೆ ಸುರುಳಿ ಸುತ್ತಬಹುದಾದಾಗ, ಎಂದರೆ ಹದಿನೈದು ಇಪ್ಪತ್ತು ದಿನದ ಎಳೆಯ ಪೈರಿನಲ್ಲಿ, ಅದನ್ನು ಕುಯ್ದು ಯಂತ್ರದ ತಟ್ಟೆಗೆ ಇಡಬೇಕು. ಬತ್ತ ಚೆಲ್ಲುವಾಗ ಕೈ ತಪ್ಪಿ ಬೋಳಾದ ಜಾಗವೆಲ್ಲ ಗದ್ದೆಯಲ್ಲಿ ಪೈರಿಲ್ಲದ ಜಾಗವಾಗಿ ಮೂಡುತ್ತದೆ. ಕೆಸರು ಮಾಡಿದ ಗದ್ದೆಯೂ ಒಂದೆರಡು ದಿನ ತಂಗಿ ನೆಲೆಗೊಳ್ಳಬೇಕು. ಅಂದೇ ಇಳಿಸಿದರೆ ಯಂತ್ರ ಹೂತುಹೋಗಿ, ಅದು ಎಬ್ಬಿಸಿದ ಕೆಸರಿನ ಅಲೆಯು ಹಿಂದಿನ ಸಾಲಿನ ಪೈರನ್ನು ಮಲಗಿಸುತ್ತದೆ. ನಾಲೆಯ ನೀರು ಬರುವ ದಿನ ರೈತನ ಅಧೀನದಲ್ಲಿಲ್ಲದೆ ಇರುವುದರಿಂದ, ಒಟ್ಟಲಿನ ದಿನಗಳನ್ನೂ ನೀರಿನ ದಿನವನ್ನೂ ಕೂಡಿಸುವುದೇ ಇಲ್ಲಿ ಕಷ್ಟದ ಲೆಕ್ಕ. ಪೈರು ಹದ ಮೀರಿ ಉದ್ದವಾದರೆ ಯಂತ್ರದ ಬೆರಳುಗಳು ಅದನ್ನು ಹಿಡಿಯಲಾರವು. ನೆಟ್ಟ ಸಾಲು ನೇರವಾಗಿದ್ದರೆ ಮಾತ್ರ ಮುಂದೆ ಕೋನೋ ವೀಡರನ್ನು ತಳ್ಳಿಕೊಂಡು ಕಳೆ ತೆಗೆಯಬಹುದೆಂಬ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚನ್ನರಾಯಪಟ್ಟಣದ ರಾಗಿಯ ವಿಚಾರ ಇನ್ನೂ ಸೂಕ್ಷ್ಮ. ತೆನೆಯನ್ನು ಕಣದಲ್ಲಿ ರೋಣಗಲ್ಲಿನಿಂದ ಒಕ್ಕುವ ಕ್ರಮ ಅಪರೂಪವಾಗಿ, ಡಾಂಬರು ರಸ್ತೆಯ ಮೇಲೆ ಹರಡಿ ಹೋಗಿಬರುವ ವಾಹನಗಳಿಂದ ತುಳಿಸುವ ಅಪಾಯಕರವಾದ ಪದ್ಧತಿಯೂ ಸಾಕಷ್ಟು ಕಾಲ ನಡೆದು, ಈಗ ಕುಯ್ದು ಒಕ್ಕುವ ದೊಡ್ಡ ಯಂತ್ರಗಳು ಹೊಲಕ್ಕೇ ಬರುತ್ತಿವೆ. ಒಂದೆರಡು ಗಂಟೆಯಲ್ಲಿ ಕಾಳು ಚೀಲಕ್ಕೆ ಬೀಳುತ್ತದೆಂಬುದು ನಿಜ. ಆದರೆ ಮನೆಯಲ್ಲಿ ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಸಂಸಾರಕ್ಕೆ ರಾಗಿಯ ಹುಲ್ಲು ಕಾಳಿನಷ್ಟೇ ಮುಖ್ಯವಾದ ಫಸಲು. ಯಂತ್ರವು ಬುಡ ಬಿಟ್ಟು ಮೇಲಕ್ಕೆ ಕುಯ್ಯುವುದರಿಂದಲೂ, ಹುಲ್ಲನ್ನು ಜಜ್ಜಿ ಚೆಲ್ಲುವುದರಿಂದಲೂ ಮೆದೆ ಕುಗ್ಗುತ್ತದೆ. ಅದಕ್ಕಿಂತ ನನ್ನನ್ನು ನೋಯಿಸುವ ಸಂಗತಿ ಅಕ್ಕಡಿಯದು. ರಾಗಿಯ ನಡುನಡುವೆ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಹಾಕುವ ಈ ಪ್ರಾಚೀನ ಕ್ರಮವು ಮನೆಯ ಸಾರಿಗೂ, ನೆಲದ ಸಾರಕ್ಕೂ ಆಧಾರವಾಗಿದ್ದುದು. ರಾಗಿಯೊಡನೆ ಕುಯ್ಲಿಗೆ ಬಾರದೆ ಹೊಲದಲ್ಲಿಯೇ ನಿಲ್ಲುವ ಆ ಸಾಲುಗಳು ದೊಡ್ಡ ಯಂತ್ರಕ್ಕೆ ಅಡ್ಡಿ. ಆದ್ದರಿಂದ ಯಂತ್ರವನ್ನು ನಂಬಿದ ಹೊಲದಲ್ಲಿ ಅಕ್ಕಡಿ ಇಲ್ಲವಾಗುತ್ತದೆ. ಪವರ್ ಟಿಲ್ಲರಿನ ಮುಂದೆ ಜೋಡಿಸುವ ಸಣ್ಣ ಕುಯ್ಯುವ ಯಂತ್ರದಿಂದ ರಾಗಿಯನ್ನು ಬುಡಮಟ್ಟ ಕುಯ್ದು ಸಾಲಾಗಿ ಮಲಗಿಸಿ, ಬೇರೆ ಒಕ್ಕುವ ಯಂತ್ರದಲ್ಲಿ ಒಕ್ಕಿದರೆ ಹುಲ್ಲೂ ಉಳಿಯುತ್ತದೆ, ಅಂತರವನ್ನು ಮೊದಲೇ ಯೋಚಿಸಿ ಬಿತ್ತಿದ್ದರೆ ಅಕ್ಕಡಿಯೂ ಉಳಿಯುತ್ತದೆ. ಬೆಂಗಳೂರಿನಲ್ಲಿ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಸ್ಥಾಪಿತವಾದಂದಿನಿಂದ ಪವರ್ ಟಿಲ್ಲರು ನಮ್ಮ ರೈತರಿಗೆ ಪರಿಚಿತ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಹಿಡುವಳಿಯ ಸರಾಸರಿ 1.36 ಹೆಕ್ಟೇರ್, ಎಂದರೆ ಮೂರೂವರೆ ಎಕರೆಗೂ ಕಡಮೆ. ಅದೂ ತುಂಡುತುಂಡಾಗಿ ಹಂಚಿಹೋದದ್ದು. ಬದುವಿನಿಂದ ಬದುವಿಗೆ ತಿರುಗಿಸುವಷ್ಟರಲ್ಲಿಯೇ ಅರ್ಧ ಹೊತ್ತು ಕಳೆಯುವ ಅಂಥ ಹೊಲಗಳಿಗೆ ಸಣ್ಣ ಯಂತ್ರವೇ ಲೇಸು.

ತೆಂಗಿನ ತೋಟದಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಕಳೆ ಕೊಚ್ಚುವ ಯಂತ್ರವು ಬಹುಬೇಗ ಜನಪ್ರಿಯವಾಯಿತು. ಅದರ ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಐವತ್ತಕ್ಕೆ ಒಂದೆಂದು ತಯಾರಕರು ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದೆಂದಿದ್ದರೆ 40. ಈ ಅಳತೆಯನ್ನು ಕಣ್ಣಂದಾಜಿಗೆ ಬಿಟ್ಟ ಎಂಜಿನ್ನು ಬಹುಕಾಲ ಬಾಳುವುದಿಲ್ಲ. ತೆಂಗಿನ ಸೀಮೆಯ ರೈತರು ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಎಳೆಯ ಸಸಿಯ ಬುಡ. ತಿರುಗುವ ಅಲಗಾಗಲಿ, ರೊಟವೇಟರಿನ ಪಕ್ಕವಾಗಲಿ ಕಾಂಡಕ್ಕೆ ತಗುಲಿ ಗಾಯವಾದರೆ ಕೆಂಪು ಮೂತಿ ಹುಳು ಅಲ್ಲಿಯೇ ಮೊಟ್ಟೆಯಿಡುತ್ತದೆ; ಒಳಗೆ ತಿರುಳನ್ನು ತಿಂದು ಮುಗಿಸುವವರೆಗೆ ಹೊರಗೆ ಸುಳಿವೂ ಹತ್ತುವುದಿಲ್ಲ. ಅಣಬೆ ರೋಗ ಕಾಲಿಟ್ಟ ತೋಟದಲ್ಲಿ ಉಳುಮೆಯೇ ಸಲ್ಲದು, ಬೇರಿನ ತುಂಡು ಮತ್ತು ಮಣ್ಣಿನೊಡನೆ ರೋಗವೂ ಮುಂದಿನ ಮರಕ್ಕೆ ನಡೆಯುತ್ತದೆ. ಅರಕಲಗೂಡಿನ ಶುಂಠಿ ಬೆಳೆಗಾರರಿಗೆ ಕೊಳೆರೋಗದ ವಿಷಯದಲ್ಲಿ ಇದೇ ಅನುಭವವಿದೆ. ಬಾಡಿಗೆಯ ಉಪಕರಣವು ಹೊಲದಿಂದ ಹೊಲಕ್ಕೆ ಹೋಗುವಂಥದಾದ್ದರಿಂದ ಅದರ ಅಲಗು ಗಾಲಿಗಳನ್ನು ಬದುವಿನ ಆಚೆಯೇ ನೀರಿನಿಂದ ತೊಳೆಸಿ ಒಳಗೆ ಬಿಟ್ಟುಕೊಳ್ಳಬೇಕು. ಹೀಗೆ ಕೇಳಿದರೆ ಚಾಲಕನಿಗೆ ಬೇಸರವಾಗಬಹುದು, ಆದರೂ ಕೇಳಲೇಬೇಕು.

ಇನ್ನು ಅಪಾಯದ ಮಾತು. ಪಿ.ಟಿ.ಓ. ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಲುಂಗಿಯ ಅಂಚೋ, ಹೆಗಲ ಟವೆಲೋ, ಸೀರೆಯ ಸೆರಗೋ ಅದಕ್ಕೆ ತಾಗಿದರೆ, ಮನುಷ್ಯನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಹಲವು ಸುತ್ತು ಸುತ್ತಿಕೊಂಡಿರುತ್ತದೆ. ಎಳೆದು ಬಿಡಿಸಿಕೊಳ್ಳಲು ಯಾವ ಬಲಿಷ್ಠನಿಗೂ ಸಮಯ ಸಾಲದು. ಈ ದಂಡವನ್ನು ಮುಚ್ಚುವ ಪ್ಲಾಸ್ಟಿಕ್ಕಿನ ಕವಚವು ಯಂತ್ರದೊಡನೆ ಬಂದಿರುತ್ತದೆ. ಗ್ರೀಸು ಹಾಕಲು ಅಡ್ಡಿಯೆಂದು ಅದನ್ನು ಕಳಚಿಟ್ಟು, ಮತ್ತೆ ಹಾಕದೆ ಓಡಿಸುವ ಟ್ರ್ಯಾಕ್ಟರುಗಳು ನಮ್ಮ ರಸ್ತೆಗಳಲ್ಲಿ ಎಷ್ಟೋ. ಜೋಳ ಬಿಡಿಸುವ ಯಂತ್ರದ ಸುತ್ತ ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ಚೀಲ ಹಿಡಿದು ನಿಲ್ಲುವ ದಿನ ಈ ಕವಚವಿಲ್ಲದ ದಂಡವು ಎಲ್ಲರ ಮೊಣಕಾಲಿನ ಎತ್ತರದಲ್ಲಿ ತಿರುಗುತ್ತಿರುತ್ತದೆ. ಕವಚವಿಲ್ಲದ ಯಂತ್ರಕ್ಕೆ ಬಾಡಿಗೆ ಕೊಡುವುದಿಲ್ಲವೆಂದು ಊರಿನವರೆಲ್ಲ ಒಮ್ಮತದಿಂದ ನಿಶ್ಚಯಿಸಬೇಕೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಳೆ ಕೊಚ್ಚುವ ಯಂತ್ರದ ಅಲಗು ಕಲ್ಲನ್ನು ಗುಂಡಿನಂತೆ ಸಿಡಿಸಬಲ್ಲುದು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಸುತ್ತ ಐವತ್ತಡಿಯೊಳಗೆ ಯಾರೂ ಇಲ್ಲದಿರುವುದು ಅಗತ್ಯ. ಮರ ಕುಯ್ಯುವ ಸರಪಣಿ ಗರಗಸದ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸವು ಹಿಡಿದವನ ಮುಖದತ್ತ ಚಿಮ್ಮುತ್ತದೆಂಬುದನ್ನು ಅದನ್ನು ಕೊಳ್ಳುವ ದಿನವೇ ಕೇಳಿ ತಿಳಿದಿರಬೇಕು.

ಕೊಳ್ಳುವ ಮುನ್ನ ಬಾಡಿಗೆಗೆ ತಂದು ನೋಡುವ ಅನುಕೂಲ ಈಗ ಇದೆ. ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆಯು 2014-15ರಿಂದ ಹೋಬಳಿಗಳಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿಸಿತು. ಕೊಳ್ಳುವವರಿಗೆ ಕೃಷಿ ಇಲಾಖೆಯ ಸಹಾಯಧನವೂ ಉಂಟು. ಸಾಮಾನ್ಯ ರೈತರಿಗೆ ಶೇಕಡ 50, ಪರಿಶಿಷ್ಟ ಜಾತಿ ಪಂಗಡಗಳ ರೈತರಿಗೆ ಶೇಕಡ 90ರವರೆಗೆ, ನಿಗದಿತ ಮಿತಿಗೆ ಒಳಪಟ್ಟು. ವಿಚಾರಿಸಲು ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. ಸಹಾಯಧನದ ಆಸೆಗೆ ಬೇಡದ ಉಪಕರಣವನ್ನು ತಂದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಸುವುದು ಮಾತ್ರ ಕೂಡದು. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆಯೂ, ನಮಗೆ ಸಮೀಪವಾದ ಅನಂತಪುರದ ಬಳಿಯ ಗಾರ್ಲದಿನ್ನೆಯ ಸಂಸ್ಥೆಯೂ ಕೃಷಿ ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುತ್ತವೆ. ಆ ವರದಿಯನ್ನು ಅಂಗಡಿಯಲ್ಲಿ ಕೇಳಿ ಪಡೆಯಬಹುದು. ಎಂಜಿನ್ನಿನ ಬಲ, ಅಲಗಿನ ಗಡಸುತನ ಮೊದಲಾದುವು ಅದರಿಂದ ತಿಳಿಯುತ್ತವೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಅಲಗು ಸವೆದರೆ ಹಾಸನದಲ್ಲಿಯೇ ದೊರೆಯುವುದೋ ಅಥವಾ ಬೆಂಗಳೂರಿನಿಂದ ಬರಬೇಕೋ ಎಂಬ ಪ್ರಶ್ನೆಯನ್ನು ಬೆಲೆಯ ಪ್ರಶ್ನೆಗಿಂತ ಮೊದಲು ಕೇಳಬೇಕು. ಬಿತ್ತನೆಯ ವಾರದಲ್ಲಿ ನಿಂತುಹೋದ ಯಂತ್ರವು ಮಳೆಗೆ ಕಾಯುವಂತೆ ಹೇಳಲಾರದು. ಹಾಸನದ ಬಳಿ ಕಾರೇಕೆರೆಯ ಕೃಷಿ ಕಾಲೇಜೂ, ಕಂದಲಿಯ ಕೃಷಿ ವಿಜ್ಞಾನ ಕೇಂದ್ರವೂ ರೈತನ ಸಂದೇಹಗಳನ್ನು ಕೇಳಲು ಹತ್ತಿರದಲ್ಲಿಯೇ ಇವೆ.

ಈ ಪರೀಕ್ಷೆಗಳಲ್ಲಿ ಒಂದು ಪಕ್ಷವನ್ನು ಮಾತ್ರ ಇದುವರೆಗೆ ಯಾರೂ ಸರಿಯಾಗಿ ಕೇಳಿಲ್ಲವೆಂಬುದು ನನ್ನ ವ್ಯಥೆ. ಪ್ರಾತ್ಯಕ್ಷಿಕೆಯ ದಿನ ಯಂತ್ರದ ಸುತ್ತ ನೆರೆಯುವವರು ಗಂಡಸರು. ಹಿಡಿಯನ್ನು ಹಿಡಿದು ನೋಡುವವರೂ ಅವರೇ. ನಾಟಿ ಹಾಕುವುದು, ಕಳೆ ಕೀಳುವುದು, ಗೆಡ್ಡೆ ಆಯುವುದು, ಎಂದರೆ ಯಂತ್ರವು ಹಗುರ ಮಾಡುವೆನೆಂದು ಹೇಳಿಕೊಳ್ಳುವ ಕೆಲಸಗಳಲ್ಲಿ ಬಹುಪಾಲು, ಹೆಂಗಸರವು. ಗೆಡ್ಡೆ ಅಗೆಯುವ ಯಂತ್ರ ಬಂದ ಮೇಲೂ ಬಗ್ಗಿ ಆಯುವ ಸೊಂಟ ಅವರದೇ, ಅದೂ ಯಂತ್ರದ ವೇಗಕ್ಕೆ ಸರಿಯಾಗಿ. ಕೋನೋ ವೀಡರಿನ ಹಿಡಿ ಎಷ್ಟು ಎತ್ತರದಲ್ಲಿರಬೇಕು, ಕಳೆ ಯಂತ್ರದ ತೂಕ ಎಷ್ಟಿದ್ದರೆ ಒಂದು ಹೊತ್ತು ಹೊರಬಹುದು, ಅಗೆಯುವ ಯಂತ್ರ ಒಂದು ಸಾಲು ಹೋದ ಮೇಲೆ ಎಷ್ಟು ಹೊತ್ತು ತಡೆದು ಮುಂದಿನ ಸಾಲಿಗೆ ಬರಬೇಕು ಎಂಬುದನ್ನು ಹೇಳಬಲ್ಲವರು ಅವರು. ಮುಂದಿನ ಸಲ ಊರಿಗೆ ಹೊಸ ಉಪಕರಣ ಬಂದಾಗ ಮೊದಲ ಸಾಲನ್ನು ಅವರ ಕೈಗೆ ಕೊಟ್ಟು, ಹಿಡಿಯ ಬೋಲ್ಟನ್ನು ಅವರು ಹೇಳಿದ ತೂತಿಗೆ ಬಿಗಿದು, ಅನಂತರ ಡೀಸೆಲ್ಲಿನ ಲೆಕ್ಕವನ್ನು ಹಿಡಿಯುವುದು ಒಳ್ಳೆಯದು.